ಮಾಳಿಗೆಯ ಬೂದಿಯಲ್ಲಿ ಹೆಜ್ಜೆಗಳು

ಆ ದಿನ ಬೆಳಿಗ್ಗೆ ಎಂದಿನಂತೆ ಹಾಲಿನ ಪಾಕೀಟು ಒಳಗೆ ತಂದು, ಅಂಗಳಕ್ಕೆ ನೀರು ಹೊಡೆದು, ನಾಲ್ಕೆಳೆ ರಂಗೋಲಿ ಹಾಕಿ, ಗಂಡನ ಡಬ್ಬಿಗೆ ರೊಟ್ಟಿ ಬಡಿದೆ. ಅವರ ಕಚೇರಿ ಕೊಪ್ಪಳದಲ್ಲಿ. ಎಂಟರ ಬಸ್ಸು ತಪ್ಪಿದರೆ ಮುಖ ದಿನವಿಡೀ ಗಂಟಾಗಿರುತ್ತದೆ. ಡಬ್ಬಿಗೆ ಹಾಕಲು ರಬ್ಬರ್ ಬ್ಯಾಂಡ್ ಹುಡುಕಿ ಶೋಕೇಸಿನ ಡ್ರಾಯರ್ ಎಳೆದಾಗ ಅಲ್ಲಿ ಏನೋ ಖಾಲಿ ಅನಿಸಿತು. ತುಸು ಹೊತ್ತಾದ ಮೇಲೆ ಹೊಳೆಯಿತು. ಗಾಜು ಒಡೆದಿದ್ದ ಅವರ ಹಳೆಯ ಫೋನು ಇರಲಿಲ್ಲ.

“ರೀ, ನಿಮ್ಮ ಹಳೇ ಫೋನ್ ಎಲ್ಲೈತಿ?”

“ಅಲ್ಲೇ ಎಲ್ಲೋ ಇರ್ಬೇಕು ನೋಡು. ಆ ಒಡಕ್ ಫೋನ್ ಯಾರಿಗೆ ಬೇಕು?” ಅವರು ಬೂಟಿನ ಲೇಸು ಕಟ್ಟುತ್ತಲೇ ಕೇಳಿದರು. “ಹುಲಿಹೈದರಕ್ಕ ಕಳಸೋದು ಏನ್ ಮಾಡ್ದಿ? ಸಂಜಿ ಒಳಗ ಮಗಳಿಗೆ ಹೂಂ ಅನ್ನು, ಇಲ್ಲಾ ಊಹೂಂ ಅನ್ನು.”

“ನೀವ ಹೇಳ್ರಿ ಅದನ್ನ.”

“ದಿನಾ ಮನ್ಯಾಗ ಇರಾಕಿ ನೀನು. ನೀ ನೋಡಿ ಹೇಳು.”

ತೊಡಕಿನದನ್ನೆಲ್ಲ ಅವರು ಹೀಗೇ ನನ್ನ ಕೈಗಿಟ್ಟು ಬಸ್ಸು ಹತ್ತುತ್ತಾರೆ.

ಮಗಳಿಗೆ ಹದಿನಾರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಕೂತಿದ್ದಳು. ಹುಲಿಹೈದರದ ಗೆಳತಿಯ ಮನೆಯಲ್ಲಿ ಹತ್ತು ದಿನ ಇದ್ದು, ಇಬ್ಬರೂ ಕೂಡಿ ಫೋನಿನಲ್ಲೇ ಹಾಡು ಮಾಡುತ್ತಾರಂತೆ. ಗೆಳತಿಯ ತಂದೆ ಮರುದಿನ ನಮ್ಮೂರು ಗಂಗಾವತಿಗೆ ಬರುವವರಿದ್ದರು, ಹೋಗುವಾಗ ಕರೆದುಕೊಂಡು ಹೋಗುತ್ತಾರೆ. ಕೇಳಲು ಎಲ್ಲ ಸರಿಯಾಗಿಯೇ ಇತ್ತು. ಆದರೆ ಪ್ರತಿ ಬೇಸಿಗೆಯಲ್ಲೂ ಕುಷ್ಟಗಿಯ ನನ್ನ ತಂಗಿಯ ಮನೆಗೆ ಎರಡು ದಿನ ಬಾ ಎಂದರೆ “ಅಲ್ಲಿ ನೆಟ್ ಸರಿ ಬರಂಗಿಲ್ಲ” ಎಂದು ಮುಖ ತಿರುಗಿಸುವವಳು, ಅದಕ್ಕಿಂತ ಸಣ್ಣ ಊರಿಗೆ ಹತ್ತು ದಿನ ಹೊರಟು ನಿಂತಿದ್ದಳು. ಹೂಂ ಅನ್ನಲು ನನ್ನ ನಾಲಿಗೆ ಏಳದೆ ಮೂರು ದಿನವಾಗಿತ್ತು.

ಗಂಡ ಹೋದ ಮೇಲೆ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮಾಳಿಗೆ ಹತ್ತಿದೆ. ನಮ್ಮ ಓಣಿಯಲ್ಲಿ ಸಂಡಿಗೆ ಹಾಕುವ ಮೊದಲು ಮಾಳಿಗೆ ಗುಡಿಸಲೇಬೇಕು. ಅಕ್ಕಿ ಗಿರಣಿಯವರು ಹೊಟ್ಟು ಸುಟ್ಟ ಕರಿ ಬೂದಿ ರಾತ್ರಿಯೆಲ್ಲ ಉದುರಿ, ಬೆಳಗಾಗುವಷ್ಟರಲ್ಲಿ ತೆಳ್ಳಗೆ ಹಾಸಿಕೊಂಡಿರುತ್ತದೆ. ಕಸಬರಿಗೆ ಎತ್ತಿದವಳು ಹಾಗೇ ನಿಂತೆ. ಬೂದಿಯ ಮೇಲೆ ಬರಿಗಾಲಿನ ಹೆಜ್ಜೆಗಳು ಮೂಡಿದ್ದವು. ಮೆಟ್ಟಿಲಿನಿಂದ ಹೊರಟು, ಪಕ್ಕದ ಮನೆಯ ಮಾಳಿಗೆಗೂ ನಮ್ಮದಕ್ಕೂ ನಡುವಿನ ಮೋಟು ಗೋಡೆಯವರೆಗೆ ಹೋಗಿ, ಅಲ್ಲಿಂದ ತಿರುಗಿ ಬಂದಿದ್ದವು. ಎಡಗಾಲಿನ ಕಿರುಬೆರಳು ಮಾತ್ರ ನೆಲಕ್ಕೆ ಊರಿರಲಿಲ್ಲ. ನಮ್ಮ ಅತ್ತೆಯ ಕಾಲು ಹಾಗಿತ್ತು. ಅವರಿಂದ ಅದು ಮಗಳಿಗೆ ಬಂದಿದೆ.

ರಜೆ ಬಿಟ್ಟಾಗಿನಿಂದ ಒಂಬತ್ತರ ಒಳಗೆ ಏಳದ ಹುಡುಗಿ ಅವಳು.

ಹೆಜ್ಜೆಗಳನ್ನು ಗುಡಿಸಲು ಮನಸ್ಸು ಬರಲಿಲ್ಲ. ಅಷ್ಟು ಜಾಗ ಬಿಟ್ಟು, ಉಳಿದದ್ದನ್ನು ಗುಡಿಸಿ, ಸಂಡಿಗೆ ಹಾಕಿ, ಹಳೆಯ ಸೀರೆ ಹೊದಿಸಿ ಕೆಳಗಿಳಿದೆ. ಅವಳು ಮಂಚದ ಮೇಲೆ ಬೋರಲು ಬಿದ್ದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಫೋನಿಗೆ ಹೇಳುತ್ತಿದ್ದಳು: “ನೀ ಮನಿ ಒಳಗ ಹೊಕ್ಕೋ, ನಾ ಕಿಟಕಿ ಕಾಯ್ತೀನಿ. ಹಿಂದ ಒಬ್ಬ ಅದಾನ, ಹೊಡಿ, ಹೊಡಿ!”

“ಯಾರ ಮನಿ ಹೊಕ್ಕೀರಿ ಮುಂಜಾನೆದ್ದು?”

“ಗೇಮ್, ಮಮ್ಮಿ. ಟೀಮ್ ಕೂಡ ಆಡಾಕತ್ತೀನಿ.”

“ಆ ಟೀಮಿಗೆ ಅವ್ವ ಅಪ್ಪ ಇಲ್ಲೇನು?”

“ಅದಾರ. ಅವ್ರೂ ಹಿಂಗ ಬಾಗಲದಾಗ ನಿಂತು ಕೇಳಾಕತ್ತಾರ.”

ನಗು ಬಂದರೂ ತಡೆದುಕೊಂಡೆ. “ಮಾಳಿಗಿ ಮ್ಯಾಲ ಯಾಕ ಹೋಗಿದ್ದಿ?”

ಅವಳ ಹೆಬ್ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು. ಆಟದಲ್ಲಿ ಸತ್ತಳೇನೋ, “ಅಯ್ಯ!” ಎಂದು ಫೋನು ಕೆಳಗಿಟ್ಟಳು. “ಗಿರಣಿ ಸೌಂಡ್ ರೆಕಾರ್ಡ್ ಮಾಡಾಕ ಹೋಗಿದ್ದೆ. ಆ ಗ್ವಾಡಿ ಹತ್ರ ಛಲೋ ಕೇಳ್ತೈತಿ. ನೀನೂ ಕೇಳು.”

ಹೆಡ್‌ಫೋನನ್ನು ನನ್ನ ಕಿವಿಗೇ ಹಾಕಿದಳು. ಗಿರಣಿಯ ದಡ್ ದಡ್, ಅದರ ಮೇಲೆ ಸ್ಟೀಲಿನ ಲೋಟಕ್ಕೆ ಚಮಚ ಬಡಿದ ಸದ್ದು, ಅದರ ಹಿಂದೆ ಅವಳದೇ ಗುನುಗು. ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ ಸದ್ದಿಗೆ ನನ್ನ ಕಾಲೇ ತಾಳ ಹಾಕತೊಡಗಿತು. ಅದನ್ನು ನೋಡಿ ಅವಳು ನಕ್ಕಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

“ಆ ಹುಡುಗಿ ಮನ್ಯಾಗ ಯಾರ್ಯಾರು ಅದಾರ?”

“ಆಕಿ, ಅವ್ರ ಮಮ್ಮಿ ಪಪ್ಪಾ, ಒಬ್ಬ ಅಜ್ಜಿ, ಎರಡು ಎಮ್ಮಿ. ಎಮ್ಮೀದು ಆಧಾರ್ ಕಾರ್ಡ್ ಬೇಕೇನು?”

ಉತ್ತರ ತಡವರಿಸದೆ ಬಂದಿತ್ತು. ಅಷ್ಟು ಸರಾಗವಾಗಿ ಬಂದ ಉತ್ತರ ನನಗೇಕೋ ಹಿಡಿಸುವುದಿಲ್ಲ.

ಮಧ್ಯಾಹ್ನ ಅವಳು ತಲೆಸ್ನಾನಕ್ಕೆ ಹೋದಳು. ಫೋನು ಮಂಚದ ಮೇಲೇ ಬಿದ್ದಿತ್ತು.

ನಾನು ಓದಿದ್ದು ಕಾನ್ವೆಂಟಿನಲ್ಲಿ, ಇದ್ದದ್ದು ಅಲ್ಲಿಯದೇ ಹಾಸ್ಟೆಲಿನಲ್ಲಿ. ಮನೆಗೆ ಬರೆದ ಕಾಗದವನ್ನು ಅಂಟಿಸದೆ ಕೊಡಬೇಕಿತ್ತು. ಸಿಸ್ಟರ್ ಓದಿ, ತಾವೇ ಅಂಟಿಸಿ ಕಳಿಸುತ್ತಿದ್ದರು. ಒಮ್ಮೆ ಊಟದ ಹೊತ್ತಿನಲ್ಲಿ ನನ್ನ ಕಾಗದವನ್ನು ಎಲ್ಲರೆದುರು ಎತ್ತಿ ಹಿಡಿದು, ಬರೆದರೆ ಹೀಗೆ ಬರೆಯಬೇಕು ಎಂದು ಹೊಗಳಿದ್ದರು. ಊಟ ಚೆನ್ನಾಗಿದೆ, ಪ್ರಾರ್ಥನೆ ತಪ್ಪಿಸುವುದಿಲ್ಲ, ಸಿಸ್ಟರ್ ತಾಯಿಯಂತೆ ನೋಡಿಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಸಾರಿನಲ್ಲಿಯ ಹುಳ, ನನ್ನ ತಲೆಯ ಹೇನು, ಸಿಸ್ಟರರ ಗೊರಕೆ ಎಲ್ಲ ತುಂಬಿದ ಇನ್ನೊಂದು ಕಾಗದ ಹೂ ಮಾರುವವಳ ಬುಟ್ಟಿಯಲ್ಲಿ ಕೂತು ನನ್ನ ಮಾವನ ಮಗಳಿಗೆ ಹೋಗುತ್ತಿತ್ತು. ಮುಂದೆ ನನ್ನ ಮಕ್ಕಳ ಕಾಗದ ನಾನು ಓದುವುದಿಲ್ಲ ಎಂದು ಆಗಲೇ ಆಣೆ ಮಾಡಿಕೊಂಡಿದ್ದೆ. ಫೋನು ಕಾಗದವಲ್ಲವಲ್ಲ ಎಂದು ಆ ಮಧ್ಯಾಹ್ನ ನನಗೆ ನಾನೇ ಹೇಳಿಕೊಂಡೆ.

ಬಚ್ಚಲಿನಲ್ಲಿ ತಂಬಿಗೆಯ ಸದ್ದು ಕೇಳುತ್ತಿರುವವರೆಗೆ ನನಗೆ ಸಮಯ. ಪರೀಕ್ಷೆಗೆ ಮುಂಚೆ ಫೋನಿಗೆ ಪಾಸ್‌ವರ್ಡ್ ಇತ್ತು. ಈಗ ಬೆರಳು ಸವರಿದ ಕೂಡಲೇ ತೆರೆಯಿತು. ಮುಚ್ಚಿಡುವಂಥದ್ದು ಇದ್ದರೆ ಬೀಗ ತೆಗೆಯುತ್ತಿದ್ದಳೇ ಎಂದು ಅಷ್ಟಕ್ಕೇ ಅರ್ಧ ಭಾರ ಇಳಿಯಿತು. ಗೆಳತಿಯ ಜೊತೆಗಿನ ಮಾತು ತೆಗೆದೆ. “ಮಮ್ಮಿ ಹೂಂ ಅಂದ್ರ ಬರ್ತೀನಿ”, “ಅಜ್ಜಿ ನಿನಗಂತ ಶೇಂಗಾ ಹೋಳಿಗಿ ಮಾಡ್ತಾಳಂತ”, ಒಂದೆರಡು ಕೈಮುಗಿಯುವ ಚಿತ್ರ. ಮಾತು ಶುರುವಾದದ್ದೇ ಆ ಸೋಮವಾರ, ಹಿಂದಿನದೇನೂ ಇರಲಿಲ್ಲ. ಜಾಗ ಸಾಲದೆ ಅಳಿಸಿರಬೇಕು. ಹಾಡುಗಳನ್ನು ಬೇರೆಯಾಗಿ ಜೋಡಿಸಿ ಹೆಸರಿಟ್ಟಿದ್ದಳು: ಗಿರಣಿ, ಕುಕ್ಕರ್, ಬಸ್ ಸ್ಟ್ಯಾಂಡ್, ಮಮ್ಮಿ ಬೈಯೋದು.

ಕೊನೆಯದನ್ನು ಕಿವಿಗೆ ಹಿಡಿದು ಒತ್ತಿದೆ. “ಏಳ್ತಿ ಏನು, ಏಳ್ತಿ ಏನು, ಸೂರ್ಯ ನೆತ್ತಿಗೆ ಬಂದಾನ” ಎಂಬ ನನ್ನದೇ ದನಿ ಸುತ್ತಿ ಸುತ್ತಿ ಬರುತ್ತಿತ್ತು, ಹಿಂದೆ ಚಪ್ಪಾಳೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ತಂಬಿಗೆ ನಿಂತಿತು. ಫೋನನ್ನು ಮೊದಲಿದ್ದಂತೆಯೇ ಓರೆಯಾಗಿ ಇಟ್ಟು ಅಡುಗೆಮನೆಗೆ ನಡೆದೆ. ಇಂಥ ಮಗುವನ್ನು ಮೂರು ದಿನದಿಂದ ಕಳ್ಳಿಯಂತೆ ನೋಡಿದೆನಲ್ಲ ಎಂದು ಕಣ್ಣು ಒದ್ದೆಯಾಯಿತು.

ಚಹಾದ ಹೊತ್ತಿಗೆ ಹೂಂ ಅಂದೆ. ಅವಳು ನನ್ನನ್ನು ಹಿಂದಿನಿಂದ ತಬ್ಬಿಕೊಂಡಾಗ ಒದ್ದೆ ಕೂದಲು ನನ್ನ ಕುಪ್ಪಸವನ್ನೆಲ್ಲ ತೋಯಿಸಿತು. ಗಂಡನಿಗೆ ಫೋನು ಮಾಡಿ, “ನೋಡ್ದೆ. ಏನೂ ಇಲ್ಲ. ಕಳಸೂಣು” ಎಂದೆ. ಅವಳು ಗೆಳತಿಯ ತಂದೆಗೆ ಹೇಳಿ, ನನ್ನ ಹಳೆಯ ಬ್ಯಾಗು ಇಳಿಸಿ ಬಟ್ಟೆ ತುಂಬತೊಡಗಿದಳು.

ಬಿಸಿಲು ಇಳಿದ ಮೇಲೆ ಸಂಡಿಗೆ ತೆಗೆಯಲು ಮತ್ತೆ ಮಾಳಿಗೆಗೆ ಹೋದೆ. ಬೆಳಗಿನ ಹೆಜ್ಜೆಗಳು ಗಾಳಿಗೆ ಮಸುಕಾಗಿದ್ದವು; ಈಗ ಅವನ್ನು ನಿಶ್ಚಿಂತೆಯಿಂದ ಗುಡಿಸಿದೆ. ಮೋಟು ಗೋಡೆಯ ಆಚೆ ಪಕ್ಕದ ಮನೆಯ ಆಪಾ ಒಣಹಾಕಿದ ಸೀರೆಗಳನ್ನು ಮಡಿಚುತ್ತಿದ್ದರು. ಓಣಿಯ ಹೆಂಗಸರ ಸೀರೆಗಳಿಗೆಲ್ಲ ಫಾಲ್ಸ್ ಹಚ್ಚುವವರು ಅವರೇ.

“ಸಂಡಿಗಿ ಭಾಳ ಬೆಳ್ಳಗ ಬಂದಾವಲ್ರೀ ಅಕ್ಕಾರ.”

“ತಗೋರಿ ಆಪಾ, ಒಂದು ಬೊಗಸಿ. ನಾಳೆ ಮಗಳು ಊರಿಗೆ ಹೊಂಟಾಳ, ಆಕಿಗೂ ಕಟ್ಟಬೇಕು.”

“ಹೌದಾ? ಛಲೋ ಆತು, ಸೂಟಿ ಐತಿ, ಹೋಗಿ ಬರ್ಲಿ.” ಸಂಡಿಗೆಗೆ ಸೆರಗು ಒಡ್ಡಿದವರು ಮೆಟ್ಟಿಲ ಕಡೆ ಹೊರಟು, ತಿರುಗಿ ನೋಡಿದರು. “ಹಾಂ, ಹಂಗಾರ ಆಕಿಗೆ ಒಂದ್ ಮಾತು ಹೇಳ್ರಿ. ಆ ಒಡಕ್ ಗ್ಲಾಸಿನ ಫೋನ್ ಮುಂಜಾನಿ ಚಾರ್ಜಿಗೆ ಕೊಟ್ಟು ಹೋಗ್ಯಾಳ, ಫುಲ್ ಆಗಿ ನಮ್ಮ ಮಷಿನ್ ಮ್ಯಾಲ ಬಿದ್ದೈತಿ. ಮರ್ತು ಬಿಟ್ಟು ಹೋದಾಳು.”