ಗಂಡ ಸತ್ತಾಕಿಗೆ ತುಂಬಿದ ಉಡಿ

ಗಂಡ ಸತ್ತ ಮೇಲೆ ಗೋದುಬಾಯಿಗೆ ಯಾರೂ ಉಡಿ ತುಂಬಿರಲಿಲ್ಲ. ಭಾವನ ಮಗ ಮೌನೇಶ ತನ್ನ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ, ಮುತ್ತೈದೆಯರೆಲ್ಲ ಉಂಡೆದ್ದ ಮೇಲೆ ಹಿತ್ತಿಲ ಬಾಗಿಲ ಬಳಿ ಅವಳಿಗೊಂದು ಎಲೆ ಹಾಕಿದ್ದರು. ಅದೇ ಮನೆಯವರು ಇಂದು ಬೆಳಗ್ಗೆ ಅವಳನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿದರು. ಮೌನೇಶನ ಹೆಂಡತಿ ಸುನಂದಾ ಕಾಲಿಗೂ ಬಿದ್ದಳು.

"ಗಂಡ ಸತ್ತಾಕಿಗೆ ಉಡಿ ತುಂಬೂದು ಯಾವಾಗಿಂದ ಚಾಲೂ ಆತವಾ?" ಗೋದುಬಾಯಿ ಅವಳನ್ನು ಕೇಳಿದಳು.

"ಈಗ ಅದನ್ನೆಲ್ಲಾ ಯಾರ ನೋಡ್ತಾರರೀ ಕಾಕು?"

"ಹೌದ ಬಿಡು. ಮನಿ ಇದ್ದಾಕಿ ಮುತ್ತೈದಿನ."

ಕಾಗದದ ಕಾರ್ಖಾನೆಯಲ್ಲಿ ದುಡಿದು ಗಂಡ ಕಟ್ಟಿಸಿದ ದಾಂಡೇಲಿಯ ಮನೆಯೊಂದೇ ಅವಳ ಆಸ್ತಿ. ಮಕ್ಕಳಿಲ್ಲ. ಮೊಣಕಾಲು ಸೋತಿವೆ, ಕಣ್ಣಿಗೆ ಪೊರೆ ಬಂದಿದೆ. ಇನ್ನು ಯಾರದಾದರೂ ಕೈ ಹಿಡಿಯಲೇಬೇಕು. ಮನೆಯನ್ನು ತನ್ನ ಹೆಸರಿಗೆ ಬಕ್ಷೀಸು, ಅಂದರೆ ದಾನವಾಗಿ, ಬರೆದುಕೊಟ್ಟರೆ ಕೊನೆಯವರೆಗೆ ನೋಡಿಕೊಳ್ಳುತ್ತೇವೆ ಎಂದಿದ್ದ ಮೌನೇಶ.

ಪತ್ರ ನೋಂದಾಯಿಸಲು ಹೊರಟ ಹಳಿಯಾಳದ ದಾರಿಯಲ್ಲಿ ತೇಗದ ಎಲೆಗಳು ಸದ್ದಿಲ್ಲದೆ ಉದುರುತ್ತಿದ್ದವು. ಹೋದ ಮಳೆಗಾಲ ಅವಳು ಜ್ವರದಲ್ಲಿ ಮಲಗಿದ್ದಾಗ ಒಂದು ಲೋಟ ಗಂಜಿ ತಾರದ ಸುನಂದಾ, ಈಗ ಕಾರಿನಲ್ಲಿ ಬಾಟಲಿಯ ಮುಚ್ಚಳ ತೆಗೆದು ತಾನೇ ನೀರು ಕುಡಿಸಿದಳು. ಗೋದುಬಾಯಿ ಕುಡಿದಳು. ಬಾಯಾರಿಕೆಯೇನೂ ಇರಲಿಲ್ಲ, ಆ ಕೈ ಎಷ್ಟು ಬಾಗೀತೆಂದು ನೋಡಬೇಕಿತ್ತು.

ನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಮಲಕಪ್ಪ ಬಕ್ಷೀಸ ಪತ್ರವನ್ನು ಓದಿ ಹೇಳಿದ.

"ನನ್ನ ಊಟದ್ದು, ಔಷಧದ್ದು ಇದರಾಗ ಎಲ್ಲೈತಿ?" ಗೋದುಬಾಯಿ ಕೇಳಿದಳು.

"ಅದನ್ನ ಬರಸಿಲ್ಲರೀ ಅಮ್ಮಾ. ಬರಸಿದ್ರ ಚಲೋ. ನೋಡಿಕೊಳ್ಳಲಿಲ್ಲಂದ್ರ ಪತ್ರ ರದ್ದ ಮಾಡಸಾಕ ಬರ್ತೈತಿ."

ಮೌನೇಶನ ಮುಖ ಕಪ್ಪಿಟ್ಟಿತು. "ಮನಿ ಮಂದ್ಯಾಗ ಇಂಥಾವು ಬರಸ್ತಾರೇನು ಕಾಕು? ಕೇಳಿದವರು ಏನಂದಾರು?"

"ಮನಿ ಬರಸ್ಕೊಳ್ಳಾಕ ನಾಚಿಕಿ ಬರಲಿಲ್ಲ. ಅನ್ನ ಬರಸಾಕ ಬಂತೇನೋ ತಮ್ಮಾ?"

"ಚಾ ಕುಡದ ಬರ್ತೇನಿ" ಎಂದು ಅವನು ಎದ್ದು ನಡೆದ. ಸುನಂದಾಳೂ ಹಿಂದೆಯೇ ಹೋದಳು. ಷರತ್ತಿನ ಮಾತೆತ್ತಿದೊಡನೆ ಖಾಲಿಯಾದ ಆ ಎರಡು ಕುರ್ಚಿಗಳನ್ನು ಗೋದುಬಾಯಿ ಅಸಹ್ಯದಿಂದ ನೋಡಿದಳು.

"ನಾ ಸತ್ತ ಮ್ಯಾಲ ಅಷ್ಟ ಮನಿ ಅವಂಗ ಹೋಗೂವಂಗ ಬರೀಲಿಕ್ಕ ಬರ್ತೈತೇನು?"

"ಮೃತ್ಯುಪತ್ರ ಬರೀಬಹುದರೀ. ಆದ್ರ ಅದನ್ನ ನೀವು ಯಾವಾಗ ಬೇಕಾದ್ರೂ ಬದಲಸಬಹುದು."

"ಎಷ್ಟ ಸಲ?"

"ಬುದ್ಧಿ ನೆಟ್ಟಗ ಇರೂತನಕ ಎಷ್ಟ ಸಲ ಬೇಕಾದ್ರೂ."

ಅಂದು ಮೊದಲ ಸಲ ಗೋದುಬಾಯಿ ನಕ್ಕಳು.

ಗಂಡಹೆಂಡತಿ ಮರಳುವಷ್ಟರಲ್ಲಿ ಪಕ್ಕದ ಮೇಜಿನ ಇಬ್ಬರ ಸಾಕ್ಷಿಯೊಂದಿಗೆ ಮೃತ್ಯುಪತ್ರಕ್ಕೆ ಅವಳ ಸಹಿ ಬಿದ್ದಿತ್ತು.

"ಮನಿ ನಿನಗ ಬರದೇನಿ, ನಾ ಸತ್ತ ಮ್ಯಾಲಿಂದು. ನನಗ ಬ್ಯಾಸರಾದ್ರ ಮತ್ತ ಇಲ್ಲಿಗೇ ಬಂದು ಬ್ಯಾರೆ ಹೆಸರ ಬರಸ್ತೇನಿ."

ಮೌನೇಶ ಮಲಕಪ್ಪನ ಮುಖ ನೋಡಿದ. ಅವನು ಹೌದೆಂದು ತಲೆಯಾಡಿಸಿದ. ಇವರಿಂದ ಪ್ರೀತಿಯನ್ನು ಗೋದುಬಾಯಿ ಎಂದೂ ಬಯಸಿರಲಿಲ್ಲ. ಹೆದರಿಕೆಯಿಂದ ಬಡಿಸಿದರೂ ಅನ್ನ ಬಿಸಿಯಾಗಿಯೇ ಇರುತ್ತದೆ.

"ನಾಳಿಂದ ನನಗ ಚಾ ಮುಂಜಾನೆ ಲಗೂನ ಬೇಕವಾ ಸುನಂದಾ. ಸಕ್ಕರಿ ಕಡಿಮಿ."

ಸುನಂದಾ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಆಗ್ಲಿರೀ ಕಾಕು" ಎಂದಳು.