ಸೈಕಲ್ಲಿನ ವಿಮಾನ ಚಾರ್ಜು

ರಿಟೈರ್ ಆದಮೇಲೆ ನನ್ನ ತಮ್ಮನಿಗೆ ಹಿಡಿದ ಹುಚ್ಚು ಲಡಾಖಿನ ಸೈಕಲ್ ಟೂರ್. ಕಲ್ಯಾಣದುರ್ಗದಿಂದ ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿಕೊಂಡು ಹಿಂದೂಪುರದ ನಮ್ಮ ಮನೆಗೆ ಬಂದ. ಇಲ್ಲಿಂದ ಟ್ರೇನು, ಬೆಂಗಳೂರಿನಿಂದ ವಿಮಾನ.

"ಬಸ್ಸಲ್ಲಿ ಲಗೇಜ್ ಟಿಕೆಟ್ ಹರಿದ್ರು, ಮುಗೀತು ಕಣಕ್ಕ. ವಿಮಾನದೋರು ಸೈಕಲ್ಲಿಗೇ ಒಂದು ಫೀಸು, ತೂಕ ಜಾಸ್ತಿಯಾದ್ರೆ ಕಿಲೋಗಿಷ್ಟು ಅಂತಾರೆ. ನನಗಿಂತ ಅದರ ಪ್ರಯಾಣವೇ ಜೋರಾಯ್ತದೆ!"

ಚಕ್ರ, ಪೆಡಲ್, ಹ್ಯಾಂಡಲ್ ಬಿಚ್ಚಿ ರಟ್ಟಿನ ಡಬ್ಬಕ್ಕೆ ತುಂಬಿ, ಪಕ್ಕದ ಹುಣಸೆ ಮಂಡಿಯಲ್ಲಿ ತೂಗಿಸಿದ. ಜಾಸ್ತಿ ಬಂತು. ಸ್ಟ್ಯಾಂಡು, ಬೆಲ್ಲು ತೆಗೆದ. ಮತ್ತೆ ತೂಗಿಸಿದ. ಕೊನೆಗೆ ಸ್ಪೇರ್ ನಟ್ಟು ಬೋಲ್ಟುಗಳ ಪೊಟ್ಟಣವೂ ಹೊರಗೆ ಬಂತು.

"ಚಿಂತಪಂಡು ಮಾರೋಕೆ ಬಂದ ರೈತರೂ ಇಷ್ಟು ಸತಾಯ್ಸಲ್ಲ ಸಾರ್," ಎಂದ ಹುಣಸೆಹಣ್ಣಿನ ಮಂಡಿಯವನು.

ಪ್ರಯಾಣಕ್ಕೆ ಹೊರಟ ಕಬ್ಬಿಣಕ್ಕೆ ಕುಂಕುಮ ಇಡದೆ ನಮ್ಮ ಮನೆಯಿಂದ ಕಳಿಸುವುದಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಸೂಪರ್‌ಸ್ಟಿಷನ್ ಎನ್ನುತ್ತಿದ್ದರು. ಅಮ್ಮ ಬಿಡಲಿಲ್ಲ, ನಾನೂ ಬಿಟ್ಟಿಲ್ಲ. ಡಬ್ಬ ದೇವರ ಮನೆಯೊಳಗೆ ಹಿಡಿಸಲಿಲ್ಲ. ಹ್ಯಾಂಡಲನ್ನು ಬಿಗಿಯುವ ನಾಲ್ಕು ಬೋಲ್ಟುಗಳನ್ನು ಮಾತ್ರ ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಮೇಲೆ ದಾಸವಾಳ ಇಟ್ಟೆ.

"ನಾಕ್ ಯಾಕಕ್ಕ? ಮೂರಾದ್ರೂ ಸಾಕು. ಒಂದರ ತೂಕ ಉಳೀತದೆ," ಎಂದು ನಕ್ಕ.

"ಕೇರ್‌ಲೆಸ್ ಫೆಲೋ! ಬಾಯಿ ಮುಚ್ಚೋ."

ಟ್ರೇನಿಗೆ ಹೊತ್ತಾಗಿತ್ತು. ಹೂವಿನ ಕೆಳಗೆ ಕೈಯಾಡಿಸಿ ಬೋಲ್ಟುಗಳನ್ನು ಬಾಚಿ ಡಬ್ಬಕ್ಕೆ ಹಾಕಿ, ಟೇಪ್ ಸುತ್ತಿದ.

"ಹೋಯ್ತೀನಿ ಅಕ್ಕ."

"ಹೋಗ್ಬತ್ತೀನಿ ಅನ್ನೋ," ಎನ್ನುವಷ್ಟರಲ್ಲಿ ಆಟೋ ತಿರುವಿನಲ್ಲಿ ಮರೆಯಾಗಿತ್ತು.

ನಿನ್ನೆ ಸಂಜೆ ಲೇಹ್‌ನ ಹೋಟೆಲಿನ ವೈಫೈಯಿಂದ ಮಾತಾಡಿದ. "ಸೈಕಲ್ ಜೋಡಿಸ್ಬುಟ್ಟೆ, ಫಸ್ಟ್‌ಕ್ಲಾಸ್! ನಾಳೆ ಜೀಪಲ್ಲಿ ಘಾಟಿ ಮೇಲಕ್ಕೆ ಬಿಡ್ತಾರೆ. ಅಲ್ಲಿಂದ ಬರೀ ಇಳಿಜಾರು ಕಣಕ್ಕ, ಪೆಡಲ್ ತುಳಿಯೋದೇ ಬೇಡ. ನನ್ನ ಪ್ರೀಪೇಯ್ಡ್ ಸಿಮ್ ಇಲ್ಲಿ ನಡೆಯಲ್ಲ, ಫೋನ್ ಮಾಡ್ಬೇಡ."

ಇವತ್ತು ಬೆಳಿಗ್ಗೆ ತಟ್ಟೆಯಿಂದ ಬಾಡಿದ ದಾಸವಾಳ ಎತ್ತಿದೆ. ಒಂದು ಬೋಲ್ಟು ಎಸಳಿಗೆ ಅಂಟಿಕೊಂಡು ಮೇಲೆ ಬಂತು, ಕುಂಕುಮ ಹಾಗೇ ಇತ್ತು. ಅಂಗೈ ಮೇಲೆ ಇಟ್ಟುಕೊಂಡೆ. ತೂಕವೇ ಇಲ್ಲ.

ಜೋಡಿಸುವಾಗ ಅವನು ಎಣಿಸದೆ ಇರುತ್ತಾನೆಯೇ? ಎಣಿಸಿಯೇ ಇರುತ್ತಾನೆ. ಎಣಿಸಿ, ನಕ್ಕಿರುತ್ತಾನೆ.

ಹೋಟೆಲಿನ ನಂಬರ್ ಹುಡುಕಿಸಿ ಫೋನ್ ಮಾಡಿದೆ. "ಜೀಪ್ ಆಗಲೇ ಹೋಯಿತು, ಮ್ಯಾಡಮ್," ಎಂದರು.