ಸುಲಭಾಬಾಯಿಯ ಆನ್‌ಲೈನ್ ಕಬಡ್ಡಿ

ಸಾಂಗ್ಲಿಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ, ವಿದ್ಯಾರ್ಥಿಗಳೆಲ್ಲ ‘ಬಾಯಿ’ ಎಂದೇ ಕರೆಯುತ್ತಿದ್ದ ಸುಲಭಾ ಪಾಟೋಳೆಯವರಿಗೆ ಮೌನವೆಂದರೆ ಆಗದು. ಹರೆಯದಲ್ಲಿ ಜಿಲ್ಲಾ ತಂಡಕ್ಕೆ ಕಬಡ್ಡಿ ಆಡಿದವರು. ಒಂದೇ ಉಸಿರಿನಲ್ಲಿ ನಾಲ್ವರನ್ನು ಮುಟ್ಟಿ ಬಂದ ಕಥೆಯನ್ನು ಮದುವೆಮನೆಯ ಪಂಕ್ತಿಯಲ್ಲೂ ಹೇಳುವವರು. ಅಂಥವರಿಗೆ ಕೊರೊನಾ ವರ್ಷದಲ್ಲಿ ಲ್ಯಾಪ್‌ಟಾಪಿನ ನಲವತ್ತೆರಡು ಕಪ್ಪು ಚೌಕಗಳಿಗೆ ಪಾಠ ಹೇಳುವ ಗತಿ ಬಂತು.

“ಕೃಷ್ಣೆಯ ನೀರು ಮೊದಲು ಯಾರಿಗೆ? ಕಬ್ಬಿಗೋ, ಮನೆಗೋ? ಹೇಳ್ರಪ್ಪಾ!” ಎಂದರೆ ಯಾರದೋ ಮನೆಯ ಕುಕ್ಕರ್ ಕೂಗಿತು.

“ಆ ಕುಕ್ಕರಿಗೆ ಹಾಜರಿ ಹಾಕ್ತೀನಿ. ಇಡೀ ಕ್ಲಾಸಲ್ಲಿ ಅದೊಂದೇ ಮಾತಾಡೋದು!”

ಮರುದಿನ ಅವರು ತರಗತಿಯನ್ನು ಎರಡು ತಂಡ ಮಾಡಿದರು. ಕಬ್ಬಿನವರು, ಮನೆಯವರು. ವಾದ ಹೂಡಿದರೆ ದಾಳಿ, ಅಂಕ ಒಂದು. ಉತ್ತರ ಕೊಡಲಾಗದವರು ಔಟ್. ತಂಡದವರು ಅಂಕ ಗಳಿಸಿ ಎಬ್ಬಿಸುವ ತನಕ ತುಟಿ ಬಿಚ್ಚುವಂತಿಲ್ಲ. ವರ್ಷವಿಡೀ ಸುಮ್ಮನಿದ್ದವರಿಗೂ ‘ಮಾತಾಡಬೇಡ’ ಎಂದ ಕೂಡಲೇ ನಾಲಿಗೆ ತುರಿಸತೊಡಗಿತು.

ಕಬ್ಬಿನ ತಂಡದ ದಿಗಂಬರ ಮಾತ್ರ ಅಡ್ಡದಾರಿ ಹಿಡಿದ. ಚಾಟ್‌ನಲ್ಲಿ ಕಂಡಕಂಡವರ ಮಾತಿನ ಕೆಳಗೆ ‘ಸರಿ’, ‘ಸರಿ’ ಎಂದು ಮೂವತ್ತೊಂದು ಸಲ ಬರೆದು, ಅಂಕ ಕೊಡಿ ಎಂದು ಕೂತ.

“ಗೆರೆ ಮೇಲೆ ನಿಂತು ಕಬಡ್ಡಿ ಕಬಡ್ಡಿ ಅಂದ್ರೆ ಅಂಕ ಕೊಡ್ತಾರೇನೋ? ಎದುರಿನವರನ್ನ ಮುಟ್ಟಬೇಕು!” ಬಾಯಿ ಗದರಿದರು.

“ಮುಟ್ಟೋದು ಹೆಂಗೆ ಬಾಯಿ? ಅವ್ರು ಮಿರಜಲ್ಲಿದಾರೆ!”

“ಅವರ ಮಾತನ್ನ ಮುಟ್ಟೋ ಕೋತಿ! ಅವರಂದದ್ದಕ್ಕೇ ಉತ್ತರ ಕೊಡಬೇಕು. ಇವತ್ತಿಂದ ಇದೇ ನಿಯಮ.”

ಆಗ ದಿಗಂಬರ ನಿಜವಾಗಿ ವಾದಕ್ಕಿಳಿದ. ಕಬ್ಬು ಒಣಗಿದರೆ ಊರೇ ಒಣಗುತ್ತದೆಂದು ಗುಡುಗಿ, ಮನೆಯ ತಂಡದವರನ್ನು ಒಬ್ಬೊಬ್ಬರಾಗಿ ಔಟ್ ಮಾಡಿದ. ಉಳಿದವಳು ಹೇಮಾಂಗಿ ಒಬ್ಬಳೇ. ಆ ವರ್ಷ ಅವಳ ದನಿ ಯಾರೂ ಕೇಳಿರಲಿಲ್ಲ.

“ದಿಗಂಬರ,” ಎಂದಳು ಮೆಲ್ಲಗೆ, “ನಿಮ್ಮನೇಲಿ ನಲ್ಲಿ ಬರದಿದ್ರೆ ನೀರು ಯಾರು ಹೊರ್ತಾರೆ?”

“ಅಮ್ಮ.”

“ಕಬ್ಬಿಗೇ ಮೊದಲು ಅಂತೀಯಲ್ಲ, ಅಮ್ಮನ್ನ ಕೇಳಿದೀಯಾ?”

ದಿಗಂಬರ ಮೈಕ್ ಮುಚ್ಚಲು ಕೈ ಚಾಚಿದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಹೆಂಗಸಿನ ದನಿ ಕೇಳಿಬಂತು: “ಯಾರವ್ವಾ ಆ ಹುಡುಗಿ? ಇನ್ನೊಂದ್ಸಲ ಕೇಳು! ಎರಡು ಕೊಡ ಹೊತ್ತು ಓಣಿ ಸುತ್ತಿ ಬರ್ತೀನಿ, ಈ ಸಾಹೇಬ ಮೇಲೇಳಲ್ಲ!”

ಚೌಕಗಳೆಲ್ಲ ಪಟಪಟನೆ ಬೆಳಗಿದವು. ನಗುವ ಮುಖಗಳು! ಎಷ್ಟೋ ಜನರನ್ನು ಬಾಯಿ ಅಂದೇ ಮೊದಲು ಕಂಡದ್ದು.

“ಬಾಯಿ, ಇದು ಮೋಸ! ಅಮ್ಮ ಈ ಕಾಲೇಜಿನವಳಲ್ಲ!”

“ಪ್ರೇಕ್ಷಕರಿಗೆ ಅಂಕ ಇಲ್ಲ. ಆದ್ರೆ ನೀನು ಔಟ್,” ಎಂದು ತೀರ್ಪಿತ್ತು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು ಬಾಯಿ.

ತರಗತಿಯ ಹೊತ್ತು ಮುಗಿದರೂ ಯಾರೂ ಎದ್ದು ಹೋಗಲಿಲ್ಲ. ಮಾತು ಕಾಲುವೆ, ಟ್ಯಾಂಕರು, ಪಂಚಾಯಿತಿ ಎಂದು ಇನ್ನೂ ಮುಕ್ಕಾಲು ಗಂಟೆ ಹರಿಯಿತು. ಅಂಕ ಬರೆಯುವುದನ್ನು ಬಾಯಿ ಮರೆತೇಬಿಟ್ಟಿದ್ದರು; ಯಾರೂ ನೆನಪಿಸಲಿಲ್ಲ.

ಮರುದಿನ ದಿಗಂಬರ ಹತ್ತು ನಿಮಿಷ ತಡವಾಗಿ ಬಂದ.

“ಎಲ್ಲಿ ಹೋಗಿದ್ಯೋ?”

“ನೀರಿಗೆ, ಬಾಯಿ,” ಎಂದ, ಏದುಸಿರು ಬಿಡುತ್ತಾ.